ಕೈಗೆಟುಕುವಷ್ಟು ದೂರ

ಅಮ್ಮನ ತಾಳಿ ಸರದಲ್ಲಿ ಯಾವಾಗಲೂ ಮೂರು ನಾಲ್ಕು ಪಿನ್ನು ನೇತಾಡುತ್ತಿದ್ದವು. ಸೆರಗಿಗೆ ಒಂದು. ಕಾಲಿಗೆ ಮುಳ್ಳು ಚುಚ್ಚಿದರೆ ತೆಗೆಯಲು ಒಂದು. ಯಾರದಾದರೂ ಚಪ್ಪಲಿಯ ಉಂಗುಷ್ಟ ಕಿತ್ತುಬಂದರೆ ಇರಲಿ ಅಂತ ಇನ್ನೊಂದು. ನಾನು ಆಲೂರಿನಿಂದ ಹಾಸನಕ್ಕೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಲು ಶುರು ಮಾಡಿದ ದಿನ, ಅವುಗಳಲ್ಲೊಂದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ದುಪಟ್ಟಾ ತುದಿಗೆ ಹಾಕ್ಕೋ. ರಶ್ಶಲ್ಲಿ ಯಾವನಾದ್ರೂ ಮೈಗೆ ಬಿದ್ರೆ ಚುಚ್ಚು. ಜಗಳ ಆಡ್ಬೇಡ. ಚುಚ್ಚಿ ಮುಂದಕ್ಕೆ ಹೋಗ್ತಾ ಇರು."

ಎರಡು ಸಲ ಚುಚ್ಚಿದ್ದೇನೆ. ಎರಡೂ ಸಲ ಕೈ ನಡುಗಿತ್ತು. ಎರಡೂ ಸಲ ಹಿಂದಿದ್ದವನು ಏನೂ ಆಗದವನ ಹಾಗೆ ಕಿಟಕಿ ಕಡೆ ನೋಡುತ್ತಾ ಸರಿದುಕೊಂಡಿದ್ದ. ಆ ಬಸ್ಸಿನಲ್ಲಿ ಓಡಾಡಿದ ಹೆಣ್ಣುಮಕ್ಕಳಲ್ಲಿ ಪಿನ್ನು ಇಲ್ಲದವರು ಯಾರೂ ಇರಲಿಲ್ಲ ಅಂತ ಕಾಣುತ್ತದೆ. ಅದರ ಬಗ್ಗೆ ನಾವು ಯಾರೂ ಮಾತಾಡಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಈಗ ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದ ಊರಿನಲ್ಲಿ. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮಧ್ಯಾಹ್ನ 3ರಿಂದ ರಾತ್ರಿ 11.30ರವರೆಗೆ ಕೆಲಸ. ಕೋಟಿನ ಬಲಗಡೆ ಜೇಬಿನಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಕಪ್ಪು ಟಾರ್ಚ್ ಇರುತ್ತದೆ. ಅದರ ಮೂತಿಯಲ್ಲಿ ಎರಡು ಲೋಹದ ಮೊಳೆಗಳಿವೆ. ಬದಿಯ ಸ್ವಿಚ್ ಒತ್ತಿದರೆ ಅವುಗಳ ನಡುವೆ ನೀಲಿ ಕಿಡಿ ಚಟಪಟ ಅಂತ ಹಾರುತ್ತದೆ. ಸ್ಟನ್ ಗನ್. ನಾಲ್ಕು ಚಳಿಗಾಲದಿಂದ ಅದು ನನ್ನ ಜೊತೆಗಿದೆ. ಇವತ್ತಿನವರೆಗೆ ಯಾರ ಮೇಲೂ ಬಳಸಿಲ್ಲ.

ಇಲ್ಲಿನ ಕನ್ನಡದ ಗೆಳತಿಯರು ಆಗಾಗ ಕೇಳುತ್ತಾರೆ. ಯಾವುದು ತಗೊಂಡ್ರಿ, ಎಷ್ಟಾಯ್ತು, ನಿಜವಾಗಿ ಕೆಲಸ ಮಾಡುತ್ತಾ ಅಂತ. ವಾಟ್ಸಾಪ್‌ನಲ್ಲಿ ಎರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ಮನಸ್ಸಿಗೆ ಸಮಾಧಾನ ಆಗಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ನಾನು ಯಾಕೆ ತೆಗೆದುಕೊಂಡೆ ಅಂತ ಹೇಳಬೇಕು. ಒಂದು ನವೆಂಬರ್ ರಾತ್ರಿ. ನಮ್ಮ ಪಾರ್ಕಿಂಗ್ ಲಾಟಿನ ಆ ಮೂಲೆಯಲ್ಲಿ ಎರಡು ದೀಪ ಕೆಟ್ಟು ವಾರಗಳಾಗಿದ್ದವು. ನಾನು ಕಾರಿನ ಒಳಗೆ ಕೂತು ಬಾಗಿಲು ಎಳೆದುಕೊಳ್ಳುವಾಗ ಬಾಗಿಲು ಬರಲಿಲ್ಲ. ನೋಡಿದರೆ ಅದರ ಅಂಚಿನ ಮೇಲೆ ಒಂದು ಕೈ ಇತ್ತು. ಗಂಡಸಿನ ಕೈ, ಕೈಗವಸು ಇಲ್ಲ. ಅವನು ದುಡ್ಡು ಕೇಳಿದ. ಇಲ್ಲ ಅಂದೆ. ಅವನು ಕೈ ತೆಗೆಯಲಿಲ್ಲ. ಸುಮ್ನೆ ನನ್ನನ್ನೇ ನೋಡುತ್ತಾ ನಿಂತ. ಅಷ್ಟರಲ್ಲಿ ಆ ಕಡೆಯಿಂದ ಇಬ್ಬರು ನರ್ಸ್‌ಗಳು ಮಾತಾಡುತ್ತಾ ಬಂದರು. ಅವನು ಕೈ ತೆಗೆದು ಹೊರಟುಹೋದ.

ಆಗಿದ್ದು ಇಷ್ಟೇ. ಪೊಲೀಸರಿಗೆ ಹೇಳಲು ಏನೂ ಇರಲಿಲ್ಲ. ಆದರೆ ಮನೆಗೆ ಬಂದು ಮಲಗಿದ ಮೇಲೆ ನನಗೆ ಅವನ ಮುಖ ನೆನಪಾಗುತ್ತಿರಲಿಲ್ಲ. ಆ ಕೈ ಮತ್ತು ನನ್ನ ನಡುವೆ ಇದ್ದ ದೂರ ಮಾತ್ರ ನೆನಪಾಗುತ್ತಿತ್ತು. ಒಂದೂವರೆ ಅಡಿ ಇರಬಹುದು. ಹಾಸನದ ಬಸ್ಸಿನಲ್ಲಿ ಇದ್ದಷ್ಟೇ ದೂರ.

ಮಾರನೇ ದಿನ ಇಂಟರ್ನೆಟ್ಟಿನಲ್ಲಿ ಸ್ಟನ್ ಗನ್ ಹುಡುಕಿದೆ. 25 ಡಾಲರಿಗೆ ಗುಲಾಬಿ ಬಣ್ಣದ್ದು, ಲಿಪ್‌ಸ್ಟಿಕ್ ಆಕಾರದ್ದು, ಬೀಗದ ಕೈ ಗೊಂಚಲಿಗೆ ಸಿಕ್ಕಿಸುವಂಥದ್ದು. ಕೊಳ್ಳುವ ಬಟನ್ ಒತ್ತುವ ಮೊದಲು ನಮ್ಮ ಮನೆಯವರು "ನಮ್ಮ ರಾಜ್ಯದಲ್ಲಿ ಇದು ನಡೆಯುತ್ತಾ ನೋಡು" ಅಂದರು. ನೋಡಿದೆ. ಲೈಸೆನ್ಸ್ ಇಲ್ಲದೆ ನಡೆಯುವುದಿಲ್ಲ. ಹಾಗೆ ಓದುತ್ತಾ ಹೋದಾಗ ಸಿಕ್ಕಿದ್ದು ಜೇಮಿ ಕೈಟಾನೊ ಅವರ ಕೇಸು. ಅದನ್ನು ಓದಿದ ದಿನ ನಾನು ರಾತ್ರಿ ಊಟ ಮಾಡಲಿಲ್ಲ.

ಬಾಸ್ಟನ್ ಸುತ್ತಮುತ್ತಲಿನ ಕನ್ನಡಿಗರಿಗೆಲ್ಲ ಆ್ಯಶ್‌ಲ್ಯಾಂಡ್ ಗೊತ್ತು. ಶ್ರೀ ಲಕ್ಷ್ಮಿ ದೇವಸ್ಥಾನ ಇರುವ ಊರು. ಮಗುವಿನ ಅಕ್ಷರಾಭ್ಯಾಸಕ್ಕೆ, ಹೊಸ ಕಾರಿನ ಪೂಜೆಗೆ, ವರಮಹಾಲಕ್ಷ್ಮಿಗೆ ನಾವು ಹೋಗುವುದು ಅಲ್ಲಿಗೇ. 2011ರಲ್ಲಿ ಅದೇ ಆ್ಯಶ್‌ಲ್ಯಾಂಡಿನ ಒಂದು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಲಾಟಿನಲ್ಲಿ ಪೊಲೀಸರು ಜೇಮಿ ಅವರ ಕೈಚೀಲ ನೋಡಿದರು. ಬಂದಿದ್ದು ಅಂಗಡಿ ಕಳ್ಳತನದ ದೂರಿನ ಮೇಲೆ. ಚೀಲದಲ್ಲಿ ಸಿಕ್ಕಿದ್ದು ಒಂದು ಸ್ಟನ್ ಗನ್. ಆಗ ಈ ರಾಜ್ಯದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 6 ತಿಂಗಳಿಂದ ಎರಡೂವರೆ ವರ್ಷದವರೆಗೆ ಜೈಲು ಹಾಕಬಹುದಿತ್ತು.

ಅವರು ಅದನ್ನು ಯಾಕೆ ಇಟ್ಟುಕೊಂಡಿದ್ದರು? ಅವರ ಮಕ್ಕಳ ತಂದೆಯೇ ಅವರನ್ನು ಆಸ್ಪತ್ರೆ ಸೇರುವ ಹಾಗೆ ಹೊಡೆದಿದ್ದ. ಹತ್ತಿರ ಬರಬಾರದು ಅಂತ ಕೋರ್ಟಿನಿಂದ ಒಂದಲ್ಲ, ಹಲವು ಆದೇಶ ತಂದಿದ್ದರು. ಏನೂ ಉಪಯೋಗ ಆಗಿರಲಿಲ್ಲ. ಇರಲು ಮನೆ ಕೂಡ ಇರಲಿಲ್ಲ. ಆಗ ಒಬ್ಬ ಪರಿಚಯದವರು "ಇದನ್ನಾದರೂ ಇಟ್ಟುಕೋ" ಅಂತ ಸ್ಟನ್ ಗನ್ ಕೊಟ್ಟರು. ಒಂದು ರಾತ್ರಿ ಕೆಲಸ ಮುಗಿಸಿ ಹೊರಗೆ ಬಂದರೆ ಅವನು ಕಾಯುತ್ತಾ ನಿಂತಿದ್ದ. ಅವರಿಗಿಂತ ಹೆಚ್ಚುಕಡಿಮೆ ಒಂದು ಅಡಿ ಎತ್ತರ, ತೂಕದಲ್ಲಿ ಸುಮಾರು 45 ಕೆಜಿ ಜಾಸ್ತಿ. ಮನೆಯಲ್ಲಿ ಮಕ್ಕಳ ಜೊತೆ ಇರಬೇಕಾದವಳು ಇಲ್ಲೇನು ಮಾಡ್ತಿದ್ದೀಯ ಅಂತ ಕೂಗಾಡಿದ. ಅವರು ಓಡಲಿಲ್ಲ. ಸ್ಟನ್ ಗನ್ ತೆಗೆದು ತೋರಿಸಿದರು. ಇನ್ನು ನಾನು ಸಹಿಸುವುದಿಲ್ಲ, ಬಿಟ್ಟು ಹೋಗದಿದ್ದರೆ ಇದನ್ನು ಬಳಸಬೇಕಾಗುತ್ತದೆ ಅಂದರು. ಅವನು ಹೆದರಿ ಹೋದ. ಒಂದು ಕಿಡಿಯೂ ಅವನ ಮೈಗೆ ತಾಗಲಿಲ್ಲ.

ಆ ಹೆಂಗಸಿಗೆ ರಾಜ್ಯ ಶಿಕ್ಷೆ ಕೊಡಲು ಹೊರಟಿತು. 2015ರಲ್ಲಿ ಮ್ಯಾಸಚೂಸೆಟ್ಸ್‌ನ ಮೇಲಿನ ಕೋರ್ಟು ಅದನ್ನು ಸರಿ ಅಂತಲೇ ಹೇಳಿತು. ಆಯುಧ ಇಟ್ಟುಕೊಳ್ಳುವ ಹಕ್ಕು ಕೊಡುವ, ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಬಂದ ಕಾಲದಲ್ಲಿ ಸ್ಟನ್ ಗನ್ ಬಳಕೆಯಲ್ಲಿರಲಿಲ್ಲ, ಆದ್ದರಿಂದ ಅದಕ್ಕೆ ರಕ್ಷಣೆ ಇಲ್ಲ ಅನ್ನುವುದು ಒಂದು ಕಾರಣ. 2016ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪನ್ನು ತೆಗೆದುಹಾಕಿತು. ಬಂದೂಕು ಹಕ್ಕಿನ ವಿಷಯದಲ್ಲಿ ಯಾವಾಗಲೂ ಎರಡಾಗುವ ನ್ಯಾಯಮೂರ್ತಿಗಳು ಅವತ್ತು ಯಾರೂ ಭಿನ್ನ ಮತ ಬರೆಯಲಿಲ್ಲ. 2018ರಲ್ಲಿ ರಾಜ್ಯದ ಕೋರ್ಟೇ ಇನ್ನೊಂದು ಕೇಸಿನಲ್ಲಿ ಪೂರ್ತಿ ನಿಷೇಧವನ್ನು ರದ್ದು ಮಾಡಿತು. ಆಮೇಲೆ ಬಂದಿದ್ದೇ ಈಗಿನ ಲೈಸೆನ್ಸ್ ಪದ್ಧತಿ.

ನಾನು ಬಂದೂಕಿನ ಪರವಾಗಿ ಮಾತಾಡುವವಳಲ್ಲ. ನಮ್ಮ ಮನೆಗೆ ಬಂದೂಕು ಬರುವುದೂ ಇಲ್ಲ. ಆದರೆ ಜೇಮಿ ಅವರ ಕಥೆ ಓದುವಾಗ ಅದನ್ನು ಬಂದೂಕಿನ ಕೇಸು ಅಂತ ಓದಲು ನನಗೆ ಆಗಲಿಲ್ಲ. ಅವರಿಗೆ ಎದುರಾಗಿದ್ದು ಕತ್ತಲಲ್ಲಿ ಬಂದ ಅಪರಿಚಿತ ಅಲ್ಲ, ಅವರ ಅಡುಗೆಮನೆ ಗೊತ್ತಿದ್ದವನು. ಕರ್ನಾಟಕದ ಲೆಕ್ಕ ನೋಡಿ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಾವು ಹೆದರುವುದು ಪಾರ್ಕಿಂಗ್ ಲಾಟಿಗೆ. ಏಟು ಬೀಳುವುದು ಬೇರೆ ಕಡೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ವಸ್ತುವಿನ ವಿಷಯ. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಆನೆ ಬಾರದ ಹಾಗೆ ತೋಟಕ್ಕೆ ಹಾಕುವ ಐಬೆಕ್ಸ್ ಕರೆಂಟು ಬೇಲಿ ಇದೆಯಲ್ಲ, ಅದೇ ತತ್ವ. ಆ ತಂತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಆದರೂ ಮುಟ್ಟಿದ ಆನೆ ಸಾಯುವುದಿಲ್ಲ. ಯಾಕೆಂದರೆ ಕರೆಂಟು ಒಂದೇ ಸಮ ಹರಿಯುವುದಿಲ್ಲ. ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಟಕ್ ಅಂತ ಹೊಡೆದು ನಿಲ್ಲುತ್ತದೆ. ಅದೇ ಮನೆಯ 230 ವೋಲ್ಟನ್ನು ನೇರ ಬೇಲಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಬೇಲಿ ದಾಟಲು ಹೋದ ಮನುಷ್ಯನೂ ಸಾಯುತ್ತಾನೆ. ನಾನು ಚಿಕ್ಕವಳಿದ್ದಾಗ ದೊಡ್ಡಪ್ಪನ ತೋಟದ ಬೇಲಿಗೆ ಹುಲ್ಲುಕಡ್ಡಿ ತಾಗಿಸಿ ನೋಡಿದ್ದೆ. ಮೊಣಕೈವರೆಗೆ ಜುಂ ಅಂದಿತ್ತು.

ಸ್ಟನ್ ಗನ್ ಕೂಡ ಹಾಗೆಯೇ. ವೋಲ್ಟೇಜು ಜಾಸ್ತಿ, ಹರಿಯುವ ಕರೆಂಟು ಬಹಳ ಕಡಿಮೆ, ಸೆಕೆಂಡಿಗೆ ಹಲವಾರು ಹೊಡೆತ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ಮಾತ್ರ ದಯವಿಟ್ಟು ನಂಬಬೇಡಿ. 2 ಕೋಟಿ ವೋಲ್ಟ್, 5 ಕೋಟಿ ವೋಲ್ಟ್ ಅಂತ ಹಾಕಿರುತ್ತಾರೆ. ಒಣ ಗಾಳಿಯಲ್ಲಿ ಕಿಡಿ ಒಂದು ಸೆಂಟಿಮೀಟರ್ ಹಾರಲು ಸುಮಾರು 30 ಸಾವಿರ ವೋಲ್ಟ್ ಸಾಕು. ನನ್ನದರ ಮೊಳೆಗಳ ನಡುವೆ ಇರುವುದು 3 ಸೆಂಟಿಮೀಟರ್. ಅಂದರೆ ಲಕ್ಷದ ಆಸುಪಾಸು ಬಂದ ಕೂಡಲೇ ಕಿಡಿ ಹಾರಿಬಿಡುತ್ತದೆ. ಕೋಟಿಗೆ ಏರಲು ಜಾಗವೇ ಇಲ್ಲ. ಹೆದರಿದ ಹೆಣ್ಣುಮಕ್ಕಳಿಗೆ ಮಾರುವ ವಸ್ತುವಿನ ಮೇಲೆ ಇಂಥ ಸುಳ್ಳು ಬರೆಯುತ್ತಾರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ. ಜೀವ ಉಳಿಯುತ್ತದೆ ಅಂತ ನಂಬಿ ಕೊಳ್ಳುವುದು ಅಲ್ವಾ?

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯದ್ದು. ಸಿನಿಮಾದಲ್ಲಿ ತಾಗಿಸಿದ ಕೂಡಲೇ ಎದುರಿನವನು ಪ್ರಜ್ಞೆ ತಪ್ಪಿ ಬೀಳುತ್ತಾನೆ. ನಿಜದಲ್ಲಿ ಹಾಗಾಗುವುದಿಲ್ಲ. ಮೈಗೆ ತಾಗಿಸಿ ಬಳಸುವ ಸ್ಟನ್ ಗನ್ನಿನಿಂದ ಆಗುವುದು ಮುಖ್ಯವಾಗಿ ನೋವು, ತುಂಬಾ ನೋವು. ಅದೂ ತೊಡೆ, ಭುಜದಂಥ ಜಾಗದಲ್ಲಿ ಕೆಲವು ಸೆಕೆಂಡು ಒತ್ತಿ ಹಿಡಿದರೆ. ಸುಮ್ನೆ ಮುಟ್ಟಿ ತೆಗೆದರೆ ಅವನು ಬೆಚ್ಚಿಬೀಳುತ್ತಾನೆ, ಅಷ್ಟೆ. ದಪ್ಪ ಕೋಟು ಹಾಕಿದ್ದರೆ ಅಷ್ಟೂ ಆಗದಿರಬಹುದು. ಇಲ್ಲಿ ವರ್ಷಕ್ಕೆ ಐದು ತಿಂಗಳು ಎಲ್ಲರೂ ದಪ್ಪ ಕೋಟಿನಲ್ಲೇ ಇರುತ್ತಾರೆ. ಕುಡಿದವನಿಗೆ, ನಶೆಯಲ್ಲಿದ್ದವನಿಗೆ ನೋವು ಬೇಗ ತಲೆಗೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ನಿಮ್ಮ ಕೈಗೆಟುಕುವಷ್ಟು ಹತ್ತಿರ ಬಂದಿರಬೇಕು. ಅಂದರೆ ನೀವೂ ಅವನ ಕೈಗೆ ಸಿಗುವಷ್ಟು ಹತ್ತಿರ ಇರುತ್ತೀರಿ.

ಟೇಸರ್ ಬೇರೆ. ಜಾಕ್ ಕವರ್ ಅನ್ನುವ ವಿಜ್ಞಾನಿ 1974ರ ಹೊತ್ತಿಗೆ ಅದನ್ನು ತಯಾರು ಮಾಡಿದರು. ತಂತಿ ಕಟ್ಟಿದ ಎರಡು ಸಣ್ಣ ಬಾಣ ಹಾರಿ ಹೋಗಿ ಮೈಗೆ ಚುಚ್ಚಿಕೊಳ್ಳುತ್ತವೆ. ಮೊದಲು ಅದರಲ್ಲಿ ಬಂದೂಕಿನ ಮದ್ದು ಇತ್ತು, ಹಾಗಾಗಿ ಸರ್ಕಾರ ಅದನ್ನು ಬಂದೂಕು ಅಂತಲೇ ಲೆಕ್ಕಕ್ಕೆ ತೆಗೆದುಕೊಂಡಿತು. 1993ರಲ್ಲಿ ರಿಕ್ ಸ್ಮಿತ್ ಮತ್ತು ಅವರ ಅಣ್ಣ ಟಾಮ್ ಸ್ಮಿತ್ ಅರಿಜೋನಾದಲ್ಲಿ ಕಂಪನಿ ಶುರು ಮಾಡಿ, ಕವರ್ ಅವರ ಜೊತೆ ಸೇರಿ ಮದ್ದಿನ ಬದಲು ಒತ್ತಡದ ನೈಟ್ರೋಜನ್ ಬಳಸಿದರು. ಆ ಕಂಪನಿಯೇ ಈಗಿನ ಆ್ಯಕ್ಸಾನ್. ಎರಡು ಬಾಣ ದೂರ ದೂರ ಚುಚ್ಚಿಕೊಂಡರೆ ನಡುವಿನ ಸ್ನಾಯುಗಳೆಲ್ಲ ಸೆಟೆದುಕೊಳ್ಳುತ್ತವೆ. ಮನುಷ್ಯ ಬೇಕೆಂದರೂ ಕೈಕಾಲು ಆಡಿಸಲಾರ. ಸಾಮಾನ್ಯ ಜನರಿಗೆ ಮಾರುವ ಟೇಸರ್ ಪಲ್ಸ್ 15 ಅಡಿ ದೂರದವರೆಗೆ ಹೋಗುತ್ತದೆ, 30 ಸೆಕೆಂಡು ಕರೆಂಟು ಕೊಡುತ್ತದೆ. ಅದನ್ನು ಅಲ್ಲೇ ಬಿಸಾಕಿ ಓಡಿಹೋಗಿ ಅನ್ನುವುದೇ ಕಂಪನಿಯ ಸಲಹೆ. ಪೊಲೀಸ್ ವರದಿ ಕೊಟ್ಟರೆ ಹೊಸದು ಕೊಡುತ್ತಾರೆ. ಈ ಒಂದು ವಿಷಯ ನನಗೆ ಇಷ್ಟ ಆಯಿತು. ಗೆಲ್ಲು ಅನ್ನುವುದಿಲ್ಲ, ಓಡು ಅನ್ನುತ್ತದೆ.

ಬೆಲೆ ನೂರಾರು ಡಾಲರ್. ಬಾಣ ಗುರಿ ತಪ್ಪಿದರೆ ಮುಗಿಯಿತು. ಗುರಿ ಇಡುವ ಅಭ್ಯಾಸ ನನಗಿಲ್ಲ. ಪೆಪ್ಪರ್ ಸ್ಪ್ರೇ ಎಲ್ಲಕ್ಕಿಂತ ಸುಲಭ. ಹತ್ತು ಅಡಿ ದೂರದಿಂದಲೇ ಹೊಡೆಯಬಹುದು. ಇಲ್ಲಿ 18 ತುಂಬಿದ ಹೆಚ್ಚಿನವರು ಬಂದೂಕು ಮಾರುವ ಲೈಸೆನ್ಸ್ ಇರುವ ಅಂಗಡಿಗೆ ಹೋಗಿ ಕೊಳ್ಳಬಹುದು, ನಮಗೆ ಬೇರೆ ಲೈಸೆನ್ಸ್ ಬೇಡ. ಹೆಚ್ಚಿನವರಿಗೆ ನಾನು ಹೇಳುವುದು ಅದನ್ನೇ. ನನಗೆ ಮಾತ್ರ ಚಿಕ್ಕಂದಿನಿಂದ ದಮ್ಮು. ಕಾರಿನೊಳಗೆ ಅಥವಾ ಗಾಳಿಗೆ ಎದುರಾಗಿ ಆ ಖಾರ ಹಾರಿದರೆ ಮೊದಲು ಉಸಿರು ಕಟ್ಟುವುದು ನನಗೆ. ಅದಕ್ಕೇ ತಾಗಿಸುವ ಸ್ಟನ್ ಗನ್ ಆರಿಸಿಕೊಂಡೆ. ಕೊಳ್ಳುವಾಗ ಮೂರು ವಿಷಯ ನೋಡಿದೆ. ಟಾರ್ಚ್ ಜೋರಾಗಿರಬೇಕು. ಎರಡು ಸಲ ಒತ್ತಿದರೆ ಮಾತ್ರ ಕಿಡಿ ಬರಬೇಕು. ಮಣಿಕಟ್ಟಿಗೆ ಹಾಕುವ ಪಟ್ಟಿಯ ತುದಿಯಲ್ಲಿ ಒಂದು ಪಿನ್ನು ಇರಬೇಕು. ಯಾರಾದರೂ ಕಿತ್ತುಕೊಂಡರೆ ಆ ಪಿನ್ನು ನನ್ನ ಕೈಯಲ್ಲೇ ಉಳಿಯುತ್ತದೆ, ಅವನ ಕೈಗೆ ಹೋದ ಸ್ಟನ್ ಗನ್ ಸತ್ತುಹೋಗುತ್ತದೆ. ಮತ್ತೆ ಒಂದು ಪಿನ್ನು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ತಕ್ಷಣ ಅರ್ಥ ಆಯಿತು.

ಲೈಸೆನ್ಸಿಗೆ ಒಂದು ದಿನದ ಸುರಕ್ಷತೆ ತರಗತಿಗೆ ಹೋಗಬೇಕಾಯಿತು. ಬಂದೂಕಿಗೂ ಇದಕ್ಕೂ ಒಂದೇ ಲೈಸೆನ್ಸ್, ಹಾಗಾಗಿ ತರಗತಿಯಲ್ಲಿ ಮಾತೆಲ್ಲ ಬಂದೂಕಿನದೇ. ಆಮೇಲೆ ಪೊಲೀಸ್ ಠಾಣೆಗೆ ಅರ್ಜಿ, 100 ಡಾಲರ್, ಬೆರಳಚ್ಚು. ಅಲ್ಲಿದ್ದ ಅಧಿಕಾರಿ ಯಾಕೆ ಬೇಕು ಅಂತ ಕೇಳಿದರು. ಕಾರಿನ ಬಾಗಿಲ ಮೇಲಿನ ಕೈಯ ವಿಷಯ ಹೇಳಿದೆ. ಅವರು ಬರೆದುಕೊಂಡರು, ಬೇರೇನೂ ಕೇಳಲಿಲ್ಲ.

ಎಲ್ಲ ಆದ ಮೇಲೆ ಗೊತ್ತಾಗಿದ್ದು, ಆಸ್ಪತ್ರೆಯ ಒಳಗೆ ಯಾವ ಆಯುಧವನ್ನೂ ತರುವ ಹಾಗಿಲ್ಲ. ಸರಿಯಾದ ನಿಯಮವೇ. ಆದರೆ ಕಾರಿನಲ್ಲಿ ಬಿಟ್ಟು ಹೋದರೆ, ಕಟ್ಟಡದಿಂದ ಕಾರಿನವರೆಗಿನ ಇನ್ನೂರು ಹೆಜ್ಜೆ ಬರಿಗೈ. ಅದು ಬೇಕಾಗಿದ್ದೇ ಆ ಇನ್ನೂರು ಹೆಜ್ಜೆಗೆ. ಎರಡು ವಾರ ಕೇಳಿ, ಮತ್ತೆ ಕೇಳಿ, ಕೊನೆಗೆ ಸೆಕ್ಯುರಿಟಿ ಮೇಜಿನ ಹತ್ತಿರದ ಬೀಗದ ಪೆಟ್ಟಿಗೆಯಲ್ಲಿ ಇಡಲು ಒಪ್ಪಿದರು. ಬರುವಾಗ ಸಹಿ ಮಾಡಿ ಕೊಡುತ್ತೇನೆ, ಹೋಗುವಾಗ ಸಹಿ ಮಾಡಿ ಇಸಿದುಕೊಳ್ಳುತ್ತೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕೊಳ್ಳುವ ಮೊದಲು ನಿಮ್ಮ ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಒಂದು ಸಲ ನೆನೆಸಿಕೊಳ್ಳಿ. ಎಲ್ಲೆಲ್ಲಿ ಅದನ್ನು ಒಯ್ಯಲು ಬಿಡುವುದಿಲ್ಲ? ಶಾಲೆ, ಕೋರ್ಟು, ಆಫೀಸು. ವಿಮಾನದಲ್ಲಿ ಕೈಚೀಲದಲ್ಲಿ ಇಡುವ ಹಾಗಿಲ್ಲ. ಪಕ್ಕದ ರಾಜ್ಯಕ್ಕೆ ಕಾರಿನಲ್ಲಿ ಹೋದರೆ ಕಾನೂನೇ ಬೇರೆ. ನಾನು ಊರಿಗೆ ಬರುವಾಗ ಅದನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬರುತ್ತೇನೆ.

ಅಭ್ಯಾಸ ಮಾಡಿದ್ದು ಮನೆಯ ಹಾಲ್‌ನಲ್ಲಿ. ಮಗಳು ಮೊಬೈಲಿನಲ್ಲಿ ಸಮಯ ನೋಡಿದಳು. ಕೋಟು, ಮಫ್ಲರ್, ಕೈಗವಸು ಎಲ್ಲ ಹಾಕಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ನಿಂತೆ. ಅವಳು "ಈಗ" ಅಂದಳು. ಚೀಲದ ಜಿಪ್ ತೆಗೆದು, ಹುಡುಕಿ, ಸ್ವಿಚ್ ಸಿಗುವಷ್ಟರಲ್ಲಿ 11 ಸೆಕೆಂಡು. ಹನ್ನೊಂದು ಸೆಕೆಂಡಿನಲ್ಲಿ ಏನು ಬೇಕಾದರೂ ಆಗಬಹುದು. ಚೀಲದಲ್ಲಿ ಇಡುವುದನ್ನು ಅವತ್ತೇ ಬಿಟ್ಟೆ. ಬಲಗೈ ಕೈಗವಸಿನ ಹೆಬ್ಬೆರಳು, ತೋರುಬೆರಳಿನ ತುದಿ ಕತ್ತರಿಸಿದೆ. ಈಗ ಕಟ್ಟಡದ ಬಾಗಿಲು ದಾಟುವಾಗಲೇ ಅದು ಕೈಯಲ್ಲಿರುತ್ತದೆ, ಟಾರ್ಚ್ ಹಚ್ಚಿಕೊಂಡೇ ನಡೆಯುತ್ತೇನೆ. ಪ್ರತಿ ಭಾನುವಾರ ಚಾರ್ಜಿಗೆ ಹಾಕಿ, ಒಂದು ಸೆಕೆಂಡು ಕಿಡಿ ಬಿಟ್ಟು ನೋಡುತ್ತೇನೆ.

ಒನಕೆ ಓಬವ್ವನನ್ನು ನಾವು ಧೈರ್ಯಕ್ಕೆ ನೆನೆಸುತ್ತೇವೆ. ಹಾಲ್‌ನಲ್ಲಿ ಹಾಗೆ ನಿಂತಿದ್ದ ದಿನ ನನಗೆ ಅವಳ ಒನಕೆ ನೆನಪಾಯಿತು. ಚಿತ್ರದುರ್ಗದ ಆ ಕಿಂಡಿಯ ಹತ್ತಿರ ಅವಳು ಹುಡುಕಿಕೊಂಡು ಹೋಗಿ ತಂದ ಆಯುಧ ಅದಲ್ಲ. ದಿನಾ ಭತ್ತ ಕುಟ್ಟಿದ ಕೈ ಅದು. ಒನಕೆಯ ತೂಕ ಎಷ್ಟು, ಎತ್ತಿದರೆ ಎಲ್ಲಿ ಬೀಳುತ್ತದೆ ಅಂತ ಆ ಕೈಗೆ ಯೋಚನೆ ಇಲ್ಲದೆ ಗೊತ್ತಿತ್ತು.

ಇದರಿಂದ ಯಾರೂ ಸಾಯುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಅದನ್ನೂ ನಾನು ಹಾಗೇ ಒಪ್ಪುವುದಿಲ್ಲ. 2007ರ ಅಕ್ಟೋಬರಿನಲ್ಲಿ ರಾಬರ್ಟ್ ಜಿಕಾನ್ಸ್ಕಿ ಅನ್ನುವ ಪೋಲೆಂಡಿನ ಮನುಷ್ಯ ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣಕ್ಕೆ ಬಂದರು. ತಾಯಿಯ ಜೊತೆ ಇರಲು ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ. ತಾಯಿ ಹೊರಗೆ ಕಾಯುತ್ತಿದ್ದರು, ಮಗ ಒಳಗೆ. ಗಂಟೆಗಟ್ಟಲೆ ಹಾಗೇ ಕಳೆಯಿತು. ಗಾಬರಿಯಿಂದ ಅವರು ಕಂಪ್ಯೂಟರ್, ಸಣ್ಣ ಮೇಜು ಎತ್ತಿ ಎಸೆಯಲು ಶುರು ಮಾಡಿದಾಗ ನಾಲ್ವರು ಪೊಲೀಸರು ಬಂದರು. ಬಂದ ಸ್ವಲ್ಪ ಹೊತ್ತಿಗೇ ಟೇಸರ್ ಬಿಟ್ಟರು. ಒಟ್ಟು ಐದು ಸಲ. ಅವರು ಅಲ್ಲೇ ತೀರಿಕೊಂಡರು. ಅದು ಪೊಲೀಸರ ಟೇಸರ್, ನನ್ನ ಕೈಯಲ್ಲಿರುವುದು ಅದರ ಪಕ್ಕ ತುಂಬಾ ಚಿಕ್ಕದು, ನಿಜ. ಆದರೆ ನನ್ನ ಅಮ್ಮ ಮೊದಲ ಸಲ ಬಾಸ್ಟನ್ನಿಗೆ ಬಂದಾಗ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಭಾಷೆ ಬಾರದವರು ಗಾಬರಿಯಾದರೆ ಹೇಗೆ ಕಾಣುತ್ತಾರೆ ಅಂತ ನನಗೆ ಗೊತ್ತು. ಆ ರಾತ್ರಿ ಕಾರಿನ ಬಾಗಿಲು ಹಿಡಿದವನ ಕಷ್ಟ ಏನಿತ್ತೋ ನನಗೆ ಗೊತ್ತಿಲ್ಲ. ಸ್ವಿಚ್ ಒತ್ತುವ ಮೊದಲು ಬೆಳಕು, ಆಮೇಲೆ ಮಾತು, ಆಮೇಲೆ ಕಿಡಿಯ ಸದ್ದು. ಈ ಕ್ರಮವನ್ನು ನಾನು ತಪ್ಪಿಸುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಬೆಂಗಳೂರಿನ ತಂಗಿಯರು ನಮಗೂ ಕಳಿಸಿ ಅನ್ನುತ್ತಾರೆ. ಕಳಿಸುವುದಿಲ್ಲ. ಆನ್‌ಲೈನಿನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಇಟ್ಟುಕೊಳ್ಳಬಹುದು ಅಂತ ಅರ್ಥ ಅಲ್ಲ, ಮೊದಲು ಒಬ್ಬ ವಕೀಲರನ್ನು ಕೇಳಿ. ಪೆಪ್ಪರ್ ಸ್ಪ್ರೇ ವಿಷಯದಲ್ಲೂ ಎಚ್ಚರ ಬೇಕು. ಜಾಗದ ಜಗಳವೊಂದರಲ್ಲಿ ಅದನ್ನು ಬಳಸಿದವರ ಮೇಲಿನ ಕೇಸನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟು 2024ರಲ್ಲಿ ಒಪ್ಪಲಿಲ್ಲ. ಜೀವಕ್ಕೆ ಅಪಾಯ ಇಲ್ಲದಿದ್ದಾಗ ಬಳಸಿದರೆ ಅದು ಆತ್ಮರಕ್ಷಣೆ ಆಗುವುದಿಲ್ಲ, ಪೆಪ್ಪರ್ ಸ್ಪ್ರೇ ಕೂಡ ಅಪಾಯಕಾರಿ ಆಯುಧ ಅಂದಿತು. ಆತ್ಮರಕ್ಷಣೆಯ ಹಕ್ಕು ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಒಂದು ಸಲ ಓದಿಕೊಳ್ಳಿ. ತುರ್ತು ಸಹಾಯದ ನಂಬರ್ 112 ನೆನಪಿರಲಿ.

ಈಗ ಬಿಟ್ಟ ಮಾತಿಗೆ ಬರುತ್ತೇನೆ.

ಕಳೆದ ಜುಲೈನಲ್ಲಿ ಆ್ಯಶ್‌ಲ್ಯಾಂಡಿನ ದೇವಸ್ಥಾನಕ್ಕೆ ಹೋಗಿದ್ದೆ. ಪೂಜೆ ಮುಗಿಸಿ ಕಾರಿನ ಹತ್ತಿರ ಬರುವಾಗ ಪರಿಚಯದ ಹುಡುಗಿಯೊಬ್ಬಳು ಹಿಂದಿನಿಂದ ಬಂದಳು. ಅವಳ ಹೆಸರು, ಊರು ಬರೆಯುವುದಿಲ್ಲ. ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷ. ಗಂಡನದು ಎಚ್-1ಬಿ ಅನ್ನುವ ಕೆಲಸದ ವೀಸಾ, ಅವಳದು ಅದನ್ನೇ ನಂಬಿಕೊಂಡ ಎಚ್-4, ಹೆಂಡತಿಗೆ ಕೊಡುವ ವೀಸಾ. ಸುಡುವ ಬಿಸಿಲಿನಲ್ಲಿ ತುಂಬು ತೋಳಿನ ಕುರ್ತಾ ಹಾಕಿದ್ದಳು.

"ಅಕ್ಕಾ, ನಿಮ್ಮ ಹತ್ರ ಅದೇನೋ ಕರೆಂಟ್ ಟಾರ್ಚ್ ಇದೆಯಂತಲ್ಲ. ನಂಗೂ ಒಂದು ತರಿಸಿಕೊಡ್ತೀರಾ? ದುಡ್ಡು ಕೊಡ್ತೀನಿ."

ಯಾಕೆ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವಳ ತೋಳನ್ನು ನೋಡಿದೆ, ಅವಳು ಅದನ್ನು ಇನ್ನೂ ಕೆಳಗೆ ಎಳೆದುಕೊಂಡಳು.

ಕೊಡಲು ಆಗುವುದಿಲ್ಲ ಅಂದೆ. ಕಾರಣ ಹೇಳಿದೆ. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಅವಳ ಮೇಲೆ ಕೇಸು, ವೀಸಾ ಮೇಲೆ ಇರುವವಳಿಗೆ ಅದರಿಂದ ಏನೇನು ಆಗಬಹುದು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಒಂದೇ ಮನೆಯಲ್ಲಿ, ಒಂದೇ ಕಪಾಟು ಇರುವ ಮನೆಯಲ್ಲಿ, ಅದನ್ನು ಎಲ್ಲಿ ಬಚ್ಚಿಡುತ್ತೀಯ? ಅವನ ಕೈಗೆ ಸಿಕ್ಕರೆ? ಒಂದು ಸಲ ಬಳಸಿದೆ ಅಂತಲೇ ಇಟ್ಟುಕೋ. ಅವನಿಗೆ ನೋವಾಗುತ್ತದೆ, ಅರ್ಧ ನಿಮಿಷಕ್ಕೆ ಸರಿಹೋಗುತ್ತಾನೆ. ಆಮೇಲೆ ನೀನು ಅದೇ ಮನೆಯಲ್ಲಿ ಇರಬೇಕಲ್ಲ?

"ನಿಮಗೊಂದು ನ್ಯಾಯ, ನನಗೊಂದು ನ್ಯಾಯಾನಾ ಅಕ್ಕ?" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಬಾಗಿಲ ಮೇಲೆ ಇಟ್ಟ ಒಂದು ಕೈಗೆ ಹೆದರಿ ನಾನು ತೆಗೆದುಕೊಂಡೆ. ದಿನಾ ಏಟು ತಿನ್ನುವವಳಿಗೆ ಬೇಡ ಅಂದೆ. ಜೇಮಿ ಕೈಟಾನೊ ಅವರಿಗೆ ಒಬ್ಬರು ಕೊಟ್ಟಿದ್ದರು. ಕಾನೂನು ನೋಡದೆ ಕೊಟ್ಟಿದ್ದರು, ಅದು ಕೆಲಸ ಮಾಡಿತ್ತು. ಎಷ್ಟೋ ರಾತ್ರಿ ಅದನ್ನೇ ಯೋಚಿಸಿದೆ. ಯೋಚಿಸಿ ಯೋಚಿಸಿ ನನಗೆ ಹೊಳೆದಿದ್ದು ಒಂದು ವ್ಯತ್ಯಾಸ. ಜೇಮಿ ಅವನನ್ನು ಎದುರಿಸಿದ ರಾತ್ರಿ ಅವನ ಮನೆಯಿಂದ ಹೊರಗೆ ಬಂದಾಗಿತ್ತು. ಅವನು ಹೆದರಿ ಹಿಂದೆ ಸರಿದಾಗ, ಅವರು ಹೋಗಲು ಇನ್ನೊಂದು ದಿಕ್ಕು ಇತ್ತು. ಸ್ಟನ್ ಗನ್ ಕೊಡುವುದು ಕೆಲವು ಸೆಕೆಂಡು ಮಾತ್ರ. ಆ ಸೆಕೆಂಡುಗಳಲ್ಲಿ ಓಡಿ ಹೋಗಲು ಒಂದು ಜಾಗ ಬೇಕು. ನನಗೆ ಕಾರಿದೆ, ಮನೆಯಿದೆ. ಅವಳಿಗೆ ಮೊದಲು ಆ ಜಾಗ ಬೇಕಾಗಿತ್ತು.

ಅವತ್ತು ಇಷ್ಟು ಸ್ಪಷ್ಟವಾಗಿ ಹೇಳಲು ನನಗೆ ಬಂದಿರಲಿಲ್ಲ. ಸಹೇಲಿ ಸಂಸ್ಥೆಯ ಹೆಸರು ಮಾತ್ರ ಹೇಳಿದೆ. ಬಾಸ್ಟನ್ ಸುತ್ತ 1996ರಿಂದ ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿ ಕೆಲಸ ಮಾಡುತ್ತಿರುವವರು. ಮನೆಯೊಳಗಿನ ಹಿಂಸೆಗೆ ಅಮೆರಿಕದಾದ್ಯಂತ ನಡೆಯುವ ಸಹಾಯವಾಣಿಯ ನಂಬರ್ 1-800-799-7233. ದುಭಾಷಿ ಬೇಕು ಅಂದರೆ ಕೊಡುತ್ತಾರೆ. ಇಲ್ಲಿನ ಕೋರ್ಟಿನಲ್ಲಿ 209ಎ ಅನ್ನುವ ರಕ್ಷಣೆ ಆದೇಶ ಕೇಳಲು ಶುಲ್ಕ ಇಲ್ಲ, ವೀಸಾ ಯಾವುದು ಅನ್ನುವುದು ಅದಕ್ಕೆ ಅಡ್ಡಿಯಲ್ಲ, ಅವಸರ ಇದ್ದರೆ ಅದೇ ದಿನ ಸಿಗುತ್ತದೆ. ಗಂಡನಿಂದ ಹಿಂಸೆಗೆ ಒಳಗಾದ ಎಚ್-4 ಹೆಂಡತಿ ತನ್ನ ಹೆಸರಿನಲ್ಲೇ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಈ ಕೊನೆಯದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಗಂಡನ ವೀಸಾ ಹೋದರೆ ಎಲ್ಲ ಹೋಯಿತು ಅಂತ ಅಂದುಕೊಂಡೇ ಕೂತಿರುತ್ತಾರೆ. ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಾಗಬಹುದು, ಅದಕ್ಕೇ ಬರೆದೆ.

ಅವಳು ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆ ಮೂರು ತಿಂಗಳು ನಾನು ಪ್ರತಿ ಬೆಳಗ್ಗೆ ಫೋನ್ ನೋಡಲು ಹೆದರುತ್ತಿದ್ದೆ. ಕೊಟ್ಟಿದ್ದರೆ ಚೆನ್ನಾಗಿತ್ತೇನೋ ಅಂತ ಅನ್ನಿಸಿದ ದಿನಗಳೂ ಇವೆ. ಏನಾದರೂ ಆಗಿಬಿಟ್ಟಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಹೊಸ ನಂಬರಿನಿಂದ ಫೋನ್ ಬಂತು. ಹೊರಗೆ ಬಂದಿದ್ದಳು. ಎಲ್ಲಿದ್ದಾಳೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತು ಮಾತಾಡಿದ್ದು ಹೆಚ್ಚೆಂದರೆ ಎರಡು ನಿಮಿಷ. ಎಲ್ಲೋ ಒಂದು ಕುಕ್ಕರ್ ಕೂಗುತ್ತಿತ್ತು. "ಅಕ್ಕಾ, ಅದು ನಂದೇ ಕುಕ್ಕರ್" ಅಂದಳು.

ಈಗ ಸಂಜೆ ಹೊತ್ತು ಎಲ್ಲೋ ಕಂಪ್ಯೂಟರ್ ಕಲಿಯಲು ಹೋಗುತ್ತಾಳೆ. ಬಸ್ ಸ್ಟಾಪಿನವರೆಗೆ ಒಬ್ಬಳೇ ನಡೆಯಬೇಕು. ಚೀಲದಲ್ಲಿ ಪೆಪ್ಪರ್ ಸ್ಪ್ರೇ ಇದೆ, ಅಂಗಡಿಗೆ ಒಟ್ಟಿಗೆ ಹೋಗಿ ಕೊಂಡೆವು. ಚೀಲದಲ್ಲಿ ಇಡಬೇಡ, ಕೈಯಲ್ಲಿ ಹಿಡ್ಕೋ ಕಣೇ ಅಂತ ದಿನಾ ಹೇಳುತ್ತೇನೆ. ಅವಳು ಬಸ್ ಹತ್ತುವ 9.40ರ ಹೊತ್ತಿಗೆ ನಾನು ಲ್ಯಾಬಿನಲ್ಲಿ ಇರುತ್ತೇನೆ, ಕೈಗವಸು ಹಾಕಿರುತ್ತೇನೆ, ಫೋನ್ ಮುಟ್ಟುವ ಹಾಗಿಲ್ಲ. 11.30ಕ್ಕೆ ಸೆಕ್ಯುರಿಟಿ ಮೇಜಿನ ಹತ್ತಿರ ಸಹಿ ಮಾಡಿ ನನ್ನ ಕಪ್ಪು ಟಾರ್ಚ್ ಇಸಿದುಕೊಂಡು, ಬಾಗಿಲ ಹತ್ತಿರ ನಿಂತು ಫೋನ್ ತೆಗೆಯುತ್ತೇನೆ.

"ಅಕ್ಕ, ಬಸ್ ಹತ್ತಿದೆ." ಅದರ ಕೆಳಗೆ, ಅರ್ಧ ಗಂಟೆ ಬಿಟ್ಟು, "ಮನೆಗೆ ಬಂದೆ. ಬೀಗ ಹಾಕಿದೆ."

ಓದಿಕೊಂಡು, ಟಾರ್ಚ್ ಹಚ್ಚಿ, ಹೊರಗೆ ಹೋಗುತ್ತೇನೆ.